ನಾಂಪಲ್ಲಿಯಿಂದ ಬಂದ ಹನ್ನೊಂದು ಮಂದಿ

“ಇದೇನು?”

ಭಾಗ್ಯಶ್ರೀ ಒಂದು ರಟ್ಟಿನ ಚೂರನ್ನು ಎತ್ತಿ ಹಿಡಿದಿದ್ದಳು. ಅದರ ಮೇಲೆ ಇದ್ದಿಲಿನಿಂದ ಇಂಗ್ಲಿಷಿನ ಮೂರು ಅಕ್ಷರ ಬರೆದಿತ್ತು. ಸಿ, ಎ, ಟಿ.

ಇಟ್ಟಿಗೆ ರಾಶಿಯ ಹಿಂದೆ ಸಾಲಾಗಿ ಕುಳಿತಿದ್ದ ಆರು ಮಕ್ಕಳು ಒಟ್ಟಿಗೆ ಕೂಗಿದರು. “ಗೊತ್ತಿಲ್ರೀ ಸರ್!”

“ಶಾಬಾಸ್! ಚನ್ನು, ಈಗ ನೀ ಒಬ್ಬನ ಹೇಳು. ಇದೇನು?”

ಚನ್ನು ಭಾಗ್ಯಶ್ರೀಯ ತಮ್ಮ, ಆರು ವರ್ಷದವನು. ಅವನು ರಟ್ಟನ್ನು ನೋಡಿದ, ಅಕ್ಕನನ್ನು ನೋಡಿದ, ಎದ್ದು ನಿಂತು ಕೈಕಟ್ಟಿಕೊಂಡ. “ಅದು ಕ್ಯಾಟ್ ಅಂತ ನನಗ ಗೊತ್ತಿಲ್ರೀ ಸರ್!”

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಭಾಗ್ಯ ಮಾತ್ರ ಹಣೆ ಚಚ್ಚಿಕೊಂಡಳು.

“ಲೇ, ನಿನ್ನ ಬಾಯಿಗೆ ಸಿಮೆಂಟ್ ಹಾಕಬೇಕು ನೋಡು! ಗೊತ್ತಿಲ್ಲ ಅಂದ್ರ ಗೊತ್ತಿಲ್ಲ. ಅಷ್ಟ! ಮುಂದ ಒಂದಕ್ಷರ ಅನಬಾರದು.”

“ಗೊತ್ತಿದ್ದದ್ದನ್ನ ಗೊತ್ತಿಲ್ಲ ಅನ್ನೋದು ಭಾಳ ಕಷ್ಟ ಐತಿ ಬಿಡು,” ಎಂದ ಕಾರ್ತಿಕ. ಅವನಿಗೆ ಒಂಬತ್ತು ವರ್ಷ. ಓದುವುದರಲ್ಲಿ ಅವನೇ ಮುಂದು, ಹಾಗಾಗಿ ಅವನಿಗೆ ಸಂಕಟವೂ ಹೆಚ್ಚು.

ಮಕ್ಕಳಿಗೆ ಅಕ್ಷರ ಕಲಿಸಲು ಒದ್ದಾಡುವವರನ್ನು ನೀವು ನೋಡಿರುತ್ತೀರಿ. ಕಲಿತದ್ದನ್ನು ಮರೆಸಲು ಒದ್ದಾಡುವ ಹುಡುಗಿಯನ್ನು ನೋಡಿರಲಾರಿರಿ. ಭಾಗ್ಯಳಿಗೆ ಹುಚ್ಚು ಹಿಡಿದಿರಲಿಲ್ಲ. ಅವಳಿಗೆ ನಿಖಿತಾ ಅಕ್ಕ ಬೇಕಾಗಿದ್ದಳು, ಅಷ್ಟೇ.

ನಿಖಿತಾ ಅಕ್ಕ ಮೈಸೂರಿನವಳು, ಕೆಲಸಕ್ಕೆಂದು ಈ ತೆಲುಗು ಮಾತಿನ ಶಹರಕ್ಕೆ ಬಂದವಳು. ವಾರವೆಲ್ಲ ಅವಳಿಗೆ ಕಂಪ್ಯೂಟರ್ ಆಫೀಸಿನ ಕೆಲಸ. ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಹಿಮಾಯತ್‌ನಗರದ ಈ ಸೈಟಿಗೆ ಬಂದುಬಿಡುತ್ತಿದ್ದಳು. ಇಲ್ಲಿ ಹಳೆಯ ಬಂಗಲೆಯೊಂದನ್ನು ಕೆಡವಿ ಐದು ಮಹಡಿಯ ಅಪಾರ್ಟ್‌ಮೆಂಟ್ ಕಟ್ಟುತ್ತಿದ್ದರು. ಕೆಲಸದವರೆಲ್ಲ ಯಾದಗಿರಿ ಕಡೆಯವರು. ಕಟ್ಟಡದ ಕೆಳಗಿನ ಸೆಲ್ಲಾರ್ ಎಂಬ ನೆಲಮಾಳಿಗೆಯಲ್ಲೇ ತಗಡು ನಿಲ್ಲಿಸಿಕೊಂಡು ಮನೆ ಮಾಡಿಕೊಂಡಿದ್ದರು. ಅದೇ ಸೆಲ್ಲಾರಿನ ಒಂದು ಮೂಲೆಯಲ್ಲಿ ಅಕ್ಕನ ಕ್ಲಾಸು.

ಅಕ್ಕ ಸುಲ್ತಾನ್ ಬಜಾರಿನಿಂದ ಏಳು ಸ್ಲೇಟು ತಂದುಕೊಟ್ಟಿದ್ದಳು. ಇಂಗ್ಲಿಷ್ ಓದಿಸಿ ಕನ್ನಡದಲ್ಲಿ ಅರ್ಥ ಹೇಳುತ್ತಿದ್ದಳು. ಅದು ಭಾಗ್ಯಳಿಗೆ ಎಷ್ಟು ದೊಡ್ಡ ಆಸರೆ ಎಂದು ಅವಳಿಗೇ ಗೊತ್ತು. ಅವಳು ಹೋಗುವ ಶಾಲೆಯಲ್ಲಿ ಪಾಠ ಇಂಗ್ಲಿಷಿನಲ್ಲಿ, ಬೈಗುಳ ತೆಲುಗಿನಲ್ಲಿ. ಮೊದಮೊದಲು ಅವಳಿಗೆ ಎರಡೂ ತಿಳಿಯುತ್ತಿರಲಿಲ್ಲ. ಈಗ ಐದನೇ ಕ್ಲಾಸು. ದಸರಾ ರಜೆ ಮುಗಿದ ಮೇಲೆ ಇಂಗ್ಲಿಷ್ ಪಾಠ ಓದಲು ಬಾರದವರನ್ನೆಲ್ಲ ಮೂರನೇ ಕ್ಲಾಸಿನಲ್ಲಿ ಕೂರಿಸುತ್ತೇನೆ ಎಂದು ಟೀಚರ್ ಹೇಳಿಯಾಗಿತ್ತು. ಭಾಗ್ಯ ಬಿಡಿ ಬಿಡಿ ಪದ ಓದುತ್ತಿದ್ದಳು. ಒಂದು ಪಾಠವನ್ನು ಪೂರ್ತಿ ಓದಿರಲಿಲ್ಲ.

ಅಂಥದ್ದರಲ್ಲಿ ಕಳೆದ ಭಾನುವಾರ ಅಕ್ಕ ಪಾಠ ಮುಗಿಸಿ ಹೇಳಿದ್ದಳು. “ಮಕ್ಕಳೇ, ನಾನು ಇನ್ನು ಇಲ್ಲಿಗೆ ಬರೋದು ಕಷ್ಟ ಆಗಬಹುದು.”

ಹೀಗೆ ಸೈಟುಗಳಲ್ಲಿ ಪಾಠ ಹೇಳುವ ಅಕ್ಕನ ಗೆಳೆಯರದ್ದು ಒಂದು ಗುಂಪಿತ್ತು. ಹತ್ತು ಮಂದಿ, ಒಬ್ಬೊಬ್ಬರಿಗೆ ವಾರಕ್ಕೆ ಒಂದೇ ಭಾನುವಾರ. ಆ ಭಾನುವಾರವನ್ನು ಎಲ್ಲಿ ಕಳೆದರೆ ಅತಿ ಹೆಚ್ಚು ಉಪಯೋಗ ಎಂದು ಆ ಗುಂಪಿನ ಯಶವಂತ ಸರ್ ಲೆಕ್ಕ ಹಾಕುತ್ತಿದ್ದರು. ನಾಂಪಲ್ಲಿ ಸ್ಟೇಷನ್ನಿನ ಹಿಂದೆ ದೊಡ್ಡ ಸೈಟೊಂದಿತ್ತು. ಅಲ್ಲಿ ನಲವತ್ತೆರಡು ಮಕ್ಕಳು. ಯಾರೂ ಶಾಲೆಗೆ ಹೋಗುತ್ತಿರಲಿಲ್ಲ.

“ನಾವು ನಿಮಗ ಬ್ಯಾಡಾದ್ವೇನು ಅಕ್ಕ?” ಎಂದು ಭಾಗ್ಯ ಕೇಳಿದ್ದಳು.

“ಹಾಗಲ್ಲ ಭಾಗ್ಯ. ನೀವು ಏಳು ಜನ. ನಿಮಗೆ ಶಾಲೆಯಾದ್ರೂ ಇದೆ. ಅಲ್ಲಿ ಅವರಿಗೆ ಒಂದಕ್ಷರಾನೂ ಬರಲ್ಲ.”

“ನೀವು ಅವರನ್ನ ನೋಡೇ ಇಲ್ಲಲ್ಲ!”

“ನೋಡಿಲ್ಲ. ನಾನು ನೋಡಿಲ್ಲ ಅಂದ್ರೆ ಅವರು ಇಲ್ಲ ಅಂತ ಆಗುತ್ತಾ?”

ಉತ್ತರ ಹೊಳೆಯದಿದ್ದಾಗ ಸಿಟ್ಟು ಇನ್ನೂ ಜಾಸ್ತಿ ಬರುತ್ತದೆ. ಭಾಗ್ಯಳಿಗೂ ಬಂತು. ನಲವತ್ತೆರಡು ಅಂತೆ ನಲವತ್ತೆರಡು! ಎಲ್ಲಿಯವರೋ ಏನೋ!

“ಬರೋ ಭಾನುವಾರ ಯಶವಂತ್ ಇಲ್ಲಿಗೆ ಬರ್ತಾರೆ. ಎಷ್ಟು ಮಕ್ಕಳಿದ್ದಾರೆ, ಯಾರಿಗೆ ಎಷ್ಟು ಓದೋಕೆ ಬರುತ್ತೆ ಅಂತ ನೋಡ್ತಾರೆ. ಆಮೇಲೆ ಗುಂಪು ತೀರ್ಮಾನ ಮಾಡುತ್ತೆ,” ಎಂದು ಹೇಳಿ ಅಕ್ಕ ಹೊರಟುಹೋಗಿದ್ದಳು.

ಆ ಮಾತನ್ನು ಭಾಗ್ಯ ಗಟ್ಟಿಯಾಗಿ ಹಿಡಿದುಕೊಂಡಳು. ಮಕ್ಕಳು ಎಷ್ಟು? ಯಾರಿಗೆ ಓದಲು ಬರುವುದಿಲ್ಲ? ಇಷ್ಟೇ ತಾನೆ ಪ್ರಶ್ನೆ? ಓದಲು ಬಾರದವರ ಹತ್ತಿರ ಅಕ್ಕ ಹೋಗುವುದಾದರೆ, ನಮಗೂ ಬರುವುದಿಲ್ಲ. ಮುಗಿಯಿತು.

ಇನ್ನು ಉಳಿದದ್ದು ಮಕ್ಕಳ ಸಂಖ್ಯೆ. ಅದಕ್ಕೂ ಅವಳ ಹತ್ತಿರ ದಾರಿ ಇತ್ತು. ಆ ದಾರಿಯನ್ನು ಅವಳಿಗೆ ಕಲಿಸಿದವನು ಸೈಟಿನ ಮೇಸ್ತ್ರಿ.

ಕಂಪನಿಯ ಎಂಜಿನಿಯರ್ ಹಾಜರಿ ನೋಡಲು ಬರುವ ದಿನ ಮೇಸ್ತ್ರಿ ಒಂದು ಫೋನ್ ಮಾಡುತ್ತಿದ್ದ. ಅರ್ಧ ಗಂಟೆಯಲ್ಲಿ, ಸೈಟಿಗೆ ಸಾಮಾನು ಸಾಗಿಸುವ ಸೋಮಣ್ಣ ಕಾಕಾನ ಟ್ರಾಲಿ ಆಟೋದಲ್ಲಿ ಹತ್ತು ಹನ್ನೆರಡು ಆಳು ಬಂದು ಇಳಿಯುತ್ತಿದ್ದರು. ಸಾಲಿನಲ್ಲಿ ನಿಂತು ತಲೆ ಎಣಿಸಿಕೊಂಡು, ಚಹಾ ಕುಡಿದು, ಅದೇ ಆಟೋದಲ್ಲಿ ವಾಪಸ್. ಎಂಜಿನಿಯರ್ ಖುಷಿ, ಮೇಸ್ತ್ರಿ ಖುಷಿ. ಆ ಆಳುಗಳು ಬರುತ್ತಿದ್ದದ್ದು ಅದೇ ಕಂಟ್ರಾಕ್ಟರನ ಇನ್ನೊಂದು ಸೈಟಿನಿಂದ. ನಾಂಪಲ್ಲಿಯ ಸೈಟಿನಿಂದ.

ಹೌದು, ಅದೇ ಸೈಟು. ಬೇರೆ ಯಾವ ಸೈಟಿನ ದಾರಿಯೂ ಭಾಗ್ಯಳಿಗೆ ಗೊತ್ತಿರಲಿಲ್ಲ. ಮೊದಲು ಅವಳಿಗೆ ಸ್ವಲ್ಪ ಅಳುಕಾಯಿತು. ಆಮೇಲೆ ನಗು ಬಂತು. ಅಕ್ಕನನ್ನು ಕಸಿಯಲು ಬಂದವರ ತಲೆಗಳನ್ನೇ ತಂದು ಅಕ್ಕನನ್ನು ಉಳಿಸಿಕೊಂಡರೆ ಎಷ್ಟು ಮಜಾ!

ಶನಿವಾರ ಶಾಲೆಗೆ ರಜೆ ಇತ್ತು. ಕಾಂಕ್ರೀಟಿಗೆ ಅಚ್ಚು ಕಟ್ಟುವ ಸೆಂಟ್ರಿಂಗ್ ಹಲಗೆ ತರಲು ಹೊರಟಿದ್ದ ಸೋಮಣ್ಣ ಕಾಕಾನ ಪಕ್ಕದಲ್ಲಿ ಅವಳು ಹತ್ತಿ ಕುಳಿತಳು.

“ನಾಂಪಲ್ಲ್ಯಾಗ ನಿಂದೇನ ಕೆಲಸ?”

“ನಾಳೆ ನಮ್ಮ ಕ್ಲಾಸಿಗೆ ಹಾಜರಿ ತಗೊಳ್ಳಾಕ ಸರ್ ಬರಾಕತ್ತಾರ. ತಲಿ ಕಮ್ಮಿ ಬಿದ್ದಾವ ಕಾಕಾ.”

ಸೋಮಣ್ಣ ಸ್ಟೀರಿಂಗ್ ಮೇಲೆ ಕೈ ಬಡಿದು ನಕ್ಕ. “ಮೇಸ್ತ್ರಿಗೆ ತಕ್ಕ ಶಿಷ್ಯಳು ನೋಡು! ಆತು ತಗೋ, ನಾಳೆನೂ ಹೆಂಗಿದ್ರೂ ಹಲಗಿ ತರೋದೈತಿ. ಹಲಗಿ ಮ್ಯಾಲ ಕುಂಡ್ರಿಸ್ಕೊಂಡ ಬರ್ತೀನಿ.”

ಬಶೀರ್‌ಬಾಗ್ ದಾಟಿ, ಅಬಿಡ್ಸ್ ದಾಟಿ ಆಟೋ ಹೋಗುತ್ತಲೇ ಇತ್ತು. ನಾಂಪಲ್ಲಿಯ ಸೈಟು ಭಾಗ್ಯ ಅಂದುಕೊಂಡದ್ದಕ್ಕಿಂತ ನಾಲ್ಕು ಪಟ್ಟು ದೊಡ್ಡದಿತ್ತು. ತಗಡಿನ ಮನೆಗಳು ಸಾಲು ಸಾಲಾಗಿದ್ದವು. ದೊಡ್ಡವರೆಲ್ಲ ಮೇಲೆ ಕೆಲಸದಲ್ಲಿದ್ದರು. ಕೆಳಗೆ ಎಲ್ಲೆಲ್ಲೂ ಮಕ್ಕಳು. ಮರಳಿನಲ್ಲಿ ಮಕ್ಕಳು, ಪೈಪಿನೊಳಗೆ ಮಕ್ಕಳು, ನೀರಿನ ಡ್ರಮ್ಮಿನ ಸುತ್ತ ಮಕ್ಕಳು.

ಮೊದಲನೇ ತಗಡಿನ ಮುಂದೆ ಭಾಗ್ಯಳಷ್ಟೇ ಎತ್ತರದ ಹುಡುಗಿಯೊಬ್ಬಳು ಕುಳಿತಿದ್ದಳು. ಅವಳ ತೊಡೆಯ ಮೇಲೆ ವರ್ಷದ ಕೂಸೊಂದು ಕಿರುಚುತ್ತಿತ್ತು. ಅದರ ಮೈಮೇಲೆಲ್ಲ ಕೆಂಪು ಗುಳ್ಳೆ. ಹುಡುಗಿಯ ಒಂದು ಕೈಯಲ್ಲಿ ಚಮಚ, ಇನ್ನೊಂದರಲ್ಲಿ ಬಾಟಲಿ. ಚಮಚದಲ್ಲಿ ಗುಲಾಬಿ ಬಣ್ಣದ ಔಷಧಿ ತುಂಬಿತ್ತು.

“ನಮ್ಮ ಹೇಮಂತಗ ಜ್ವರ ಬಂದೈತಿ. ಸ್ವಲ್ಪ ಅವನ ಕೈ ಹಿಡ್ಕೊಳ್ತೀಯೇನು? ಒದರಾಕತ್ತಾನ, ಕುಡಿಸಾಕ ಬಿಡವಲ್ಲ,” ಎಂದಳು ಆ ಹುಡುಗಿ. ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ.

ಭಾಗ್ಯ ಕೂತು ಕೂಸಿನ ಕೈ ಹಿಡಿದಳು. ಹಿಡಿಯುವಾಗ ಅವಳ ಕಣ್ಣು ಬಾಟಲಿಯ ಚೀಟಿಯ ಮೇಲೆ ಬಿತ್ತು. ಓದಬೇಕು ಅಂತ ಓದಿದ್ದಲ್ಲ. ಅಕ್ಷರ ಬಂದವರಿಗೆ ಅದೊಂದು ಕಾಟ, ಕಂಡದ್ದನ್ನೆಲ್ಲ ಕಣ್ಣು ತಾನಾಗಿಯೇ ಓದುತ್ತದೆ. ಉದ್ದನೆಯ ಹೆಸರೊಂದು ಅವಳಿಗೆ ಹತ್ತಲಿಲ್ಲ. ಅದರ ಕೆಳಗೆ ಸಣ್ಣ ಪದ. ಎಸ್, ಕೆ, ಐ, ಎನ್.

ಸ್ಕಿನ್. ಅಕ್ಕ ತನ್ನ ತೋಳಿನ ಚರ್ಮ ಚಿವುಟಿ ತೋರಿಸಿ ಕಲಿಸಿದ್ದ ಪದ.

“ತಡಿ, ತಡಿ! ಕುಡಿಸಬ್ಯಾಡ! ಇದು ಮೈಗೆ ಹಚ್ಚೋದು!”

ಹುಡುಗಿಯ ಕೈ ಗಾಳಿಯಲ್ಲೇ ನಿಂತಿತು. “ಖರೇನ? ದವಾಖಾನ್ಯಾಗ ಎರಡು ಬಾಟ್ಲಿ ಕೊಟ್ಟಾರ. ಒಂದು ಕುಡಿಸೋದು, ಒಂದು ಹಚ್ಚೋದು. ಎರಡೂ ಒಂದೇ ಬಣ್ಣ. ಅವ್ವ ಹೇಳಿ ಹೋಗಿದ್ಳು, ನನಗ ಅದಲುಬದಲಾತು.”

ಭಾಗ್ಯ ಇನ್ನೊಂದು ಬಾಟಲಿ ನೋಡಿದಳು. ಅದರ ಮೇಲೆ ‘ಸಿರಪ್’ ಎಂದಿತ್ತು. ಅದನ್ನೇ ಕುಡಿಸಿದರು. ಚಮಚದಲ್ಲಿದ್ದದ್ದನ್ನು ಕೂಸಿನ ಬೆನ್ನಿಗೆ ಹಚ್ಚಿದರು. ಮತ್ತೆ ಅದಲುಬದಲಾಗದಿರಲಿ ಎಂದು ಆ ಹುಡುಗಿ ಹಚ್ಚುವ ಬಾಟಲಿಗೆ ಒಂದು ದಾರ ಕಟ್ಟಿದಳು.

“ನನ್ನ ಹೆಸರು ಗದಿಗೆಮ್ಮ,” ಎಂದಳು ಹುಡುಗಿ ಕೊನೆಗೆ. “ನಿನಗ ಓದೋದು ಯಾರು ಕಲಿಸಿದ್ರು?”

“ನಮ್ಮ ಸೈಟಿಗೆ ಒಬ್ಬ ಅಕ್ಕ ಬರ್ತಾಳ.”

“ಅಂಥಾ ಅಕ್ಕ ನಮ್ಮ ಕಡೆ ಯಾಕ ಬರಂಗಿಲ್ಲ?”

‘ಬರ್ತಾಳ, ಮುಂದಿನ ವಾರನ ಬರ್ತಾಳ, ನಾನ ತಡಿಯಾಕತ್ತೀನಿ’ ಎಂದು ಭಾಗ್ಯ ಹೇಗೆ ಹೇಳುವುದು?

“ನಾಳೆ ನೀವ ಬರ್ರಿ ನಮ್ಮ ಸೈಟಿಗೆ,” ಎಂದಳು. “ಹತ್ತು ಮಂದಿನ್ನ ಕರಕೊಂಡ ಬಾ. ಸೋಮಣ್ಣ ಕಾಕಾ ಆಟೋದಾಗ ಕರಕೊಂಡ ಬರ್ತಾನ. ಅಕ್ಕನ್ನ ನೋಡೀರಂತ.”

ಇದು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ವಾಪಸ್ ಬರುವಾಗ ದಾರಿಯುದ್ದಕ್ಕೂ ಭಾಗ್ಯ ಆ ಮಾತನ್ನೇ ನೆನೆದಳು. ಕೆಲಸ ಆದ ಖುಷಿ ಬರಬೇಕಿತ್ತು, ಬರಲಿಲ್ಲ.

ಸಂಜೆ ಅವ್ವ ಅನ್ನಮ್ಮ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದಳು. ಭಾಗ್ಯ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತಳು.

“ಅವ್ವಾ, ಗುರುತಿಲ್ಲದವರ ಸಲುವಾಗಿ ನಮ್ಮವರನ್ನ ಬಿಟ್ಟ ಹೋಗೋದು ಸರಿಯೇನು?”

“ಯಾವ ಊರಿನ ಸರಿ?” ಅನ್ನಮ್ಮ ರೊಟ್ಟಿ ತಿರುವಿ ಹಾಕಿದಳು. “ಮೊದಲ ನಮ್ಮ ಮಕ್ಕಳು. ಆಮ್ಯಾಲ ಉಳಿದವರು. ಎಲ್ಲಾರೂ ತಮ್ಮ ತಮ್ಮವರನ್ನ ನೋಡ್ಕೊಂಡ್ರ ಆತಪಾ.”

ಭಾಗ್ಯಳಿಗೆ ಹಾಯೆನಿಸಿತು. ಅವ್ವನೇ ಹೇಳಿದಳಲ್ಲ! ಅವಳು ಬಿಸಿ ರೊಟ್ಟಿ ಮುರಿದು ಬಾಯಿಗೆ ಇಟ್ಟುಕೊಂಡಳು. ಅಗಿಯುತ್ತಾ ಅಗಿಯುತ್ತಾ ಅವಳಿಗೆ ಇನ್ನೊಂದು ಯೋಚನೆ ಬಂತು.

“ಅವ್ವಾ, ಹಂಗಾದ್ರ ನಿಖಿತಾ ಅಕ್ಕ ನಮಗೇನಾಗ್ಬೇಕು?”

“ಏನಾಗ್ಬೇಕು ಅಂದ್ರ?”

“ನಮ್ಮ ಊರಾಕಿ ಅಲ್ಲ, ನಮ್ಮ ಮಂದಿ ಅಲ್ಲ. ಮೊದಲ್ನೇ ದಿನ ಬಂದಾಗ ಅಕಿಗೆ ನಮ್ಮ ಹೆಸರೂ ಗೊತ್ತಿರಲಿಲ್ಲ. ಅಕಿ ತನ್ನವರನ್ನಷ್ಟ ನೋಡ್ಕೊಂಡಿದ್ರ ಇಲ್ಲಿಗೆ ಯಾಕ ಬರ್ತಿದ್ಳು?”

ಅನ್ನಮ್ಮನ ಕೈ ಹಿಟ್ಟಿನ ಮೇಲೆ ನಿಂತಿತು. ಅವಳು ಮಗಳ ಮುಖ ನೋಡಿದಳು. “ಭಾಳ ಮಾತಾಡಾಕ ಕಲ್ತಿ ನೀ. ಉಣ್ಣು,” ಎಂದು ಇನ್ನೊಂದು ರೊಟ್ಟಿ ಹಾಕಿದಳು.

ಭಾನುವಾರ ಹತ್ತು ಗಂಟೆಗೆ ಮೊದಲೇ ಸೋಮಣ್ಣನ ಆಟೋ ಬಂತು. ಹಲಗೆಗಳ ಮೇಲಿನಿಂದ ಒಬ್ಬೊಬ್ಬರಾಗಿ ಹನ್ನೊಂದು ಮಕ್ಕಳು ಇಳಿದರು. ಕೊನೆಯಲ್ಲಿ ಇಳಿದವಳು ಗದಿಗೆಮ್ಮ. ಹೇಮಂತ ಅವಳ ಸೊಂಟದ ಮೇಲಿದ್ದ. ತಲೆಗೆ ಎಣ್ಣೆ ಹಚ್ಚಿ, ಬಿಗಿಯಾಗಿ ಜಡೆ ಹೆಣೆದುಕೊಂಡು ಬಂದಿದ್ದಳು. ಹಬ್ಬಕ್ಕೆ ಬಂದವಳ ಹಾಗೆ ಕಾಣುತ್ತಿದ್ದಳು.

“ಜ್ವರ ಬಿಟ್ಟೈತಿ,” ಎಂದು ಭಾಗ್ಯಳ ಕಿವಿಯಲ್ಲಿ ಹೇಳಿದಳು.

ನಿಖಿತಾ ಅಕ್ಕನ ಜೊತೆ ಯಶವಂತ ಸರ್ ಬಂದರು. ಭಾಗ್ಯ ಅವರನ್ನು ರಾಕ್ಷಸ ಅಂದುಕೊಂಡಿದ್ದಳು. ನೋಡಿದರೆ ತೆಳ್ಳಗೆ, ಕನ್ನಡಕ ಹಾಕಿಕೊಂಡು, ಸೆಲ್ಲಾರಿನ ಇಳಿಜಾರಿನಲ್ಲಿ ಜಾರಿ ಬೀಳುವ ಹಾಗೆ ನಡೆದು ಬಂದರು. ಕೈಯಲ್ಲಿ ಒಂದು ಟ್ಯಾಬ್.

“ಏಳು ಅಂದಿದ್ರಲ್ಲ ನಿಖಿತಾ? ಇಲ್ಲಿ ಹದಿನೆಂಟು ಜನ ಇದ್ದಾರೆ!”

“ನನಗೂ ಗೊತ್ತಿಲ್ಲ...” ಅಕ್ಕ ಹೊಸ ಮುಖಗಳನ್ನು ನೋಡಿದಳು. “ಭಾಗ್ಯ, ಇವರೆಲ್ಲ ಯಾರು?”

“ಮೊನ್ನೆ ಊರಿಂದ ಬಂದಾರ ಅಕ್ಕ,” ಎಂದಳು ಭಾಗ್ಯ. ಈ ಸಲ ಅದು ಪೂರ್ತಿ ಸುಳ್ಳೇ ಆಗಿತ್ತು.

ಯಶವಂತ ಸರ್ ನೆಲದ ಮೇಲೆ ಕುಳಿತು ಒಬ್ಬೊಬ್ಬರನ್ನೇ ಕರೆದರು. ಒಂದೊಂದು ಕಾರ್ಡ್ ತೋರಿಸಿದರು. ಒಂದರಲ್ಲಿ ಅಕ್ಷರ, ಒಂದರಲ್ಲಿ ಪದ, ಒಂದರಲ್ಲಿ ಪುಟ್ಟ ಕತೆ.

“ಗೊತ್ತಿಲ್ರೀ ಸರ್,” ಎಂದ ಕಾರ್ತಿಕ. ಹೇಳುವಾಗ ಅವನ ಕಿವಿ ಕೆಂಪಗಾಯಿತು.

“ಗೊತ್ತಿಲ್ರೀ ಸರ್,” ಎಂದಳು ಇನ್ನೊಬ್ಬಳು. ಚನ್ನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ತಲೆಯನ್ನು ಜೋರಾಗಿ ಅಲ್ಲಾಡಿಸಿದ. ಯಶವಂತ ಸರ್ ಟ್ಯಾಬಿನಲ್ಲಿ ಏನೋ ಒತ್ತುತ್ತಾ ಹೋದರು.

ಎಲ್ಲವೂ ಭಾಗ್ಯ ಅಂದುಕೊಂಡ ಹಾಗೆಯೇ ನಡೆಯುತ್ತಿತ್ತು. ಒಂದನ್ನು ಮಾತ್ರ ಅವಳು ಯೋಚಿಸಿರಲಿಲ್ಲ.

ನಿಖಿತಾ ಅಕ್ಕ ಒಂದು ಸಿಮೆಂಟ್ ಚೀಲದ ಮೇಲೆ ಕುಳಿತುಬಿಟ್ಟಿದ್ದಳು. ಒಂದೊಂದು ‘ಗೊತ್ತಿಲ್ಲ’ ಬಂದಾಗಲೂ ಅವಳ ಮುಖ ಇನ್ನಷ್ಟು ಬಾಡುತ್ತಿತ್ತು. “ಕಾರ್ತಿಕ, ಇದು ಹೋದ ತಿಂಗಳೇ ಓದಿದ್ದೆಯಲ್ಲಪ್ಪ,” ಎಂದಳು ಮೆಲ್ಲಗೆ. ಕಾರ್ತಿಕ ತಲೆ ತಗ್ಗಿಸಿದ. “ಒಂದು ವರ್ಷ...” ಎಂದಳು ಅಕ್ಕ, ಯಾರಿಗೂ ಅಲ್ಲ, ತನಗೇ. “ಒಂದು ವರ್ಷ ನಾನು ಏನು ಕಲಿಸಿದೆ?”

ಅಕ್ಕನನ್ನು ಉಳಿಸಿಕೊಳ್ಳಲು ಹೋಗಿ ಅವಳ ಐವತ್ತು ಭಾನುವಾರಗಳನ್ನು ತಾನು ಅಳಿಸಿಹಾಕುತ್ತಿದ್ದೇನೆ ಎಂದು ಭಾಗ್ಯಳಿಗೆ ಆಗ ತಿಳಿಯಿತು.

ಅಷ್ಟರಲ್ಲಿ ಹೇಮಂತ ಅಳತೊಡಗಿದ. ಸೆಲ್ಲಾರಿನಲ್ಲಿ ಆ ಅಳು ಮೂರು ಪಟ್ಟಾಗಿ ಮೊಳಗಿತು. ಕಾರ್ಡ್ ತೋರಿಸುತ್ತಿದ್ದ ಯಶವಂತ ಸರ್ ಕಿವಿ ಮುಚ್ಚಿಕೊಂಡು ನಕ್ಕರು. “ಪಾಪುನ ಸ್ವಲ್ಪ ಹೊರಗೆ ಕರ್ಕೊಂಡು ಹೋಗ್ತೀಯಾಮ್ಮ? ಬೇರೆಯವರಿಗೆ ತೊಂದರೆ ಆಗುತ್ತೆ.”

ಒರಟಾಗಿ ಹೇಳಲಿಲ್ಲ ಅವರು. ಎಲ್ಲ ಕಡೆಯೂ ಹೀಗೆಯೇ ಎಂಬಂತೆ ಗದಿಗೆಮ್ಮ ಕೂಸನ್ನು ಸೊಂಟಕ್ಕೇರಿಸಿ ಇಳಿಜಾರು ಹತ್ತಿ ಹೋದಳು. ಯಶವಂತ ಸರ್ ಟ್ಯಾಬ್ ನೋಡಿ, “ಹಾಗಾದ್ರೆ ಹದಿನೇಳು,” ಎಂದರು.

ಹದಿನೆಂಟು ಹದಿನೇಳಾಯಿತು. ಬೆರಳಿನ ಒಂದು ಒತ್ತು, ಅಷ್ಟೇ. ಆ ಎಣ್ಣೆ ಹಚ್ಚಿದ ಜಡೆ, ಆ ಬಾಟಲಿಗೆ ಕಟ್ಟಿದ ದಾರ, ಅದಾವುದೂ ಟ್ಯಾಬಿಗೆ ಗೊತ್ತಿರಲಿಲ್ಲ. ಭಾಗ್ಯಳಿಗೆ ಗೊತ್ತಿತ್ತು. ನಿನ್ನೆಯವರೆಗೆ ಅವಳಿಗೂ ಗೊತ್ತಿರಲಿಲ್ಲ.

“ಭಾಗ್ಯಶ್ರೀ? ಈಗ ನೀನು,” ಎಂದರು ಯಶವಂತ ಸರ್.

ಅವಳು ಎದ್ದು ಹೋದಳು. ಅಕ್ಷರದ ಕಾರ್ಡು ಕೊಟ್ಟರು. ಅವಳು ಅದನ್ನು ಪಕ್ಕಕ್ಕಿಟ್ಟಳು. ಪದದ ಕಾರ್ಡನ್ನೂ ಪಕ್ಕಕ್ಕಿಟ್ಟಳು. ಕತೆಯ ಕಾರ್ಡನ್ನು ತಾನೇ ಎತ್ತಿಕೊಂಡಳು.

ಅದು ಒಂದು ಆಡಿನ ಕತೆ. ಎಂಟು ಸಾಲು. ಮೊದಲ ಸಾಲು ಓದಿದಳು. ಎರಡನೆಯದು ಓದಿದಳು. ಮೂರನೆಯದರಲ್ಲಿ ಒಂದು ಪದ ಸಿಕ್ಕಿಹಾಕಿಕೊಂಡಿತು. ಅವಳ ಹಣೆಯಲ್ಲಿ ಬೆವರು ಬಂತು. ಬಿಡಲಿಲ್ಲ. ಒಡೆದು ಒಡೆದು ಕೂಡಿಸಿದಳು. ಐದನೆಯದರಲ್ಲಿ ಇನ್ನೊಂದು ಪದ ಅಡ್ಡ ಬಂತು, ಅದನ್ನು ತಪ್ಪಾಗಿಯೇ ಓದಿ ಮುಂದೆ ಹೋದಳು. ಎಂಟನೆಯ ಸಾಲು ಮುಗಿದಾಗ ಅವಳಿಗೇ ನಂಬಿಕೆ ಬರಲಿಲ್ಲ. ಇನ್ನು ಮೂರನೇ ಕ್ಲಾಸಿನಲ್ಲಿ ಕೂರಿಸುತ್ತಾರೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ. ಒಂದು ಕತೆಯನ್ನಂತೂ ಪೂರ್ತಿ ಓದಿ ಮುಗಿಸಿದ್ದಳು.

ನಿಖಿತಾ ಅಕ್ಕ ಸಿಮೆಂಟ್ ಚೀಲದಿಂದ ಎದ್ದು ನಿಂತಿದ್ದಳು.

“ನಮ್ಮ ಏಳೂ ಮಂದಿಗೆ ಓದಾಕ ಬರ್ತೈತ್ರಿ ಸರ್,” ಎಂದಳು ಭಾಗ್ಯ. “ಗೊತ್ತಿಲ್ಲ ಅನ್ರಿ ಅಂತ ನಾನ ಹೇಳಿಕೊಟ್ಟಿದ್ದೆ. ಅಕ್ಕ ಭಾಳ ಛಲೋ ಕಲಿಸ್ಯಾಳ.”

“ಹಂಗಾದ್ರ ನಾನೂ ಓದ್ಲಿ?” ಕಾರ್ತಿಕ ಜಿಗಿದ. “ಕ್ಯಾಟ್! ಕ್ಯಾಟ್! ಕ್ಯಾಟ್!” ಎಂದು ಚನ್ನು ಒಂದು ವಾರದಿಂದ ತಡೆದುಕೊಂಡಿದ್ದನ್ನೆಲ್ಲ ಹೊರಹಾಕಿದ. ಎಲ್ಲರೂ ಕಾರ್ಡುಗಳ ಮೇಲೆ ಬಿದ್ದರು. ಅಕ್ಕ ನಗುತ್ತಿದ್ದಳು, ಕಣ್ಣು ಒರೆಸಿಕೊಳ್ಳುತ್ತಿದ್ದಳು.

“ಯಾಕಮ್ಮ ಹಾಗೆ ಹೇಳಿಕೊಟ್ಟೆ?” ಯಶವಂತ ಸರ್ ಕೇಳಿದರು.

“ಅಕ್ಕ ಹೋಗಬಾರದು ಅಂತ.” ಭಾಗ್ಯ ಹೊಸ ಮಕ್ಕಳ ಕಡೆ ಕೈ ತೋರಿಸಿದಳು. “ಇನ್ನೂ ಒಂದೈತ್ರಿ. ಇವರು ಊರಿಂದ ಬಂದವರಲ್ಲ. ನಾಂಪಲ್ಲಿ ಸೈಟಿನವರು. ತಲಿ ಹೆಚ್ಚಾಗ್ಲಿ ಅಂತ ನಾನ ಕರಸಿದ್ದೆ.”

ಯಶವಂತ ಸರ್ ಕನ್ನಡಕ ತೆಗೆದು ಅಂಗಿಗೆ ಒರೆಸಿದರು. ಬೈಯಲಿಲ್ಲ. “ನಿಜ ಹೇಳಿದ್ದು ಒಳ್ಳೇದಾಯ್ತು. ಆದರೆ ಭಾಗ್ಯಶ್ರೀ, ನಾನೂ ನಿಜಾನೇ ಹೇಳಬೇಕಲ್ವಾ? ಹೀಗಾದ್ರೆ ಅಕ್ಕ ನಾಂಪಲ್ಲಿಗೇ ಹೋಗಬೇಕಾಗುತ್ತೆ. ನಮ್ಮ ಹತ್ರ ಇರೋದು ಅಷ್ಟೇ ಜನ.”

“ಗೊತ್ತೈತ್ರಿ ಸರ್.”

ಅಳು ಬರುತ್ತಿತ್ತು. ಆದರೆ ಹೇಳಬೇಕಾದದ್ದು ಇನ್ನೂ ಮುಗಿದಿರಲಿಲ್ಲ. ಅಳುತ್ತಾ ಹೇಳಿದರೆ ಪಾಪ ಅನ್ನುತ್ತಾರೆಯೇ ಹೊರತು ಕೇಳಿಸಿಕೊಳ್ಳುವುದಿಲ್ಲ. ಅವಳು ಅಳುವನ್ನು ನುಂಗಿದಳು.

“ಆದ್ರ ನಿಮ್ಮ ಲೆಕ್ಕ ತಪ್ಪೈತಿ.”

“ಏನು ತಪ್ಪು?”

“ನಾಂಪಲ್ಲಿಯಿಂದ ಬಂದವರು ಹತ್ತಲ್ಲ, ಹನ್ನೊಂದು. ನೀವು ಗದಿಗೆಮ್ಮನ್ನ ಬಿಟ್ಟೀರಿ. ಅಲ್ಲಿ ಹೋಗಿ ನೋಡ್ರಿ. ದೊಡ್ಡ ಹುಡುಗ್ಯಾರೆಲ್ಲ ಕೂಸು ಎತ್ಕೊಂಡ ಕುಂತಾರ. ಅವ್ವ ಅಪ್ಪ ಮ್ಯಾಲ ಕೆಲಸದಾಗ ಇರ್ತಾರ. ಕೂಸು ಇದ್ದವರು ಹೊರಗ ಹೋಗ್ರಿ ಅಂದ್ರ ನಿಮ್ಮ ನಲವತ್ತೆರಡರಾಗ ಅರ್ಧನೂ ಉಳಿಯಂಗಿಲ್ಲ. ಮತ್ತ ಅವರಿಗೇ ಓದು ಮೊದಲ ಬೇಕಾಗಿರೋದು. ಔಷಧಿ ಕುಡಿಸೋರು ಅವರ!”

ಬಾಟಲಿಯ ವಿಷಯವನ್ನು ಅವಳು ಮೊದಲಿನಿಂದ ಹೇಳಿದಳು. ಮಕ್ಕಳ ಗಲಾಟೆ ನಿಂತಿತ್ತು. ಯಶವಂತ ಸರ್ ಟ್ಯಾಬನ್ನು ಮಡಿಲಿನಲ್ಲಿ ಕವುಚಿ ಇಟ್ಟುಕೊಂಡು ಕೇಳಿದರು.

“ಇದು ನಮಗೆ ಹೊಳೆದೇ ಇರಲಿಲ್ಲ,” ಎಂದರು ಅಕ್ಕನ ಕಡೆ ತಿರುಗಿ.

“ಹೋಗಿ ನೋಡಿರಲಿಲ್ಲವಲ್ಲ ನಾವು,” ಎಂದಳು ಅಕ್ಕ.

ಭಾಗ್ಯ ಇಳಿಜಾರು ಹತ್ತಿ ಓಡಿದಳು. ಗದಿಗೆಮ್ಮ ಮೇಲ್ತುದಿಯಲ್ಲೇ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

“ಅಕ್ಕ ನಮ್ಮ ಕಡೆ ಬರ್ತಾಳ?”

“ಹೂಂ.”

“ಮತ್ತ ನಿಮಗ?”

ಭಾಗ್ಯ ಕೈ ಚಾಚಿದಳು. “ಕೂಸನ್ನ ಇಲ್ಲಿ ಕೊಡು. ನೀ ಹೋಗಿ ಕುಂಡ್ರು.”

“ಅಳ್ತಾನ ಅವ.”

“ಅಳ್ಲಿ. ನಾ ನೋಡ್ಕೋತೀನಿ. ಹೋಗು, ಅಕ್ಕ ಕಾಯಾಕತ್ತಾಳ.”

ಗದಿಗೆಮ್ಮ ಇಳಿದು ಹೋದಳು. ಎರಡು ಹೆಜ್ಜೆಗೊಮ್ಮೆ ತಿರುಗಿ ನೋಡುತ್ತಾ ಹೋದಳು. ನಿಖಿತಾ ಅಕ್ಕ ಅವಳನ್ನು ಮುಂದೆ ಕೂರಿಸಿಕೊಂಡು, ಒಂದು ಸ್ಲೇಟು ಕೊಟ್ಟು, ಅವಳ ತೋರುಬೆರಳನ್ನು ಹಿಡಿದು ಮೊದಲ ಅಕ್ಷರದ ಮೇಲೆ ಇಟ್ಟಳು. “ಹೆದರಬೇಡ. ನಿಧಾನಕ್ಕೆ. ನನಗೇನೂ ಅವಸರ ಇಲ್ಲ,” ಎಂದಳು.

ಒಂದು ವರ್ಷದ ಹಿಂದೆ ಭಾಗ್ಯಳಿಗೂ ಅಕ್ಕ ಇದೇ ಮಾತು ಹೇಳಿದ್ದಳು. ಇದೇ ದನಿಯಲ್ಲಿ. ಅದು ತನಗೊಬ್ಬಳಿಗೇ ಹೇಳಿದ್ದು ಎಂದು ಅವಳು ಇಷ್ಟು ದಿನ ಅಂದುಕೊಂಡಿದ್ದಳು. ಈಗ ಕೇಳಿ ಹೊಟ್ಟೆಕಿಚ್ಚಾಯಿತು. ತುಂಬಾ ನೋವೂ ಆಯಿತು. ಓಡಿಹೋಗಿ ಅಕ್ಕನ ಪಕ್ಕದಲ್ಲಿ ಕುಳಿತುಬಿಡಬೇಕು ಅನ್ನಿಸಿತು.

ಹೇಮಂತ ತನ್ನ ಅಕ್ಕ ಗದಿಗೆಮ್ಮನನ್ನು ಕಾಣದೆ ತುಟಿ ಸೊಟ್ಟ ಮಾಡಿದ. ಇನ್ನೇನು ಜೋರಾಗಿ ಶುರುಮಾಡುವವನಿದ್ದ. ಕೆಳಗೆ ಗದಿಗೆಮ್ಮ ಅಳುಕುತ್ತಾ ಮೊದಲ ಅಕ್ಷರವನ್ನು ಬಾಯಿಬಿಟ್ಟು ಹೇಳುತ್ತಿದ್ದಳು.

ಭಾಗ್ಯ ಕೂಸನ್ನು ಹೆಗಲಿಗೆ ಒರಗಿಸಿಕೊಂಡು ಬೆನ್ನು ತಟ್ಟಿದಳು. ಅವನ ಅಳು ಒಳಗೆ ಕೇಳಿಸಬಾರದೆಂದು ಮರಳಿನ ರಾಶಿಯನ್ನು ದಾಟಿ ಗೇಟಿನವರೆಗೆ ನಡೆದು ಹೋದಳು.